ಇಂದಿನ ಚಿಂತನೆ: ಮೌನವೂ ಸುಳ್ಳಾಗುವುದು ಯಾವಾಗ?



ಎಬೊನಿ ಎಂಬ ಕರಿಮರ ಬಲು ದುಬಾರಿ. ಅದಕ್ಕೇ ಯುರೋಪಿನ ಬಡಗಿಗಳು ಬೇರೆ ಮರಗಳನ್ನು ಕಪ್ಪಾಗಿಸಿ ಪೀಠೋಪಕರಣ ಮಾಡುತ್ತಾ ಬಂದರು. ಒಂದು ವಿಧಾನ ಇಂದಿಗೂ ಇದೆ. ಕಬ್ಬಿಣದ ಚೂರನ್ನು ಕೆಲವು ದಿನ ವಿನೆಗರಿನಲ್ಲಿ ನೆನೆಸಿ, ಆ ನೀರನ್ನು ಓಕ್ ಮರಕ್ಕೆ ಸವರುತ್ತಾರೆ. ಮರದೊಳಗಿನ ಟ್ಯಾನಿನ್ ಎಂಬ ಒಗರು ಕಬ್ಬಿಣದೊಡನೆ ಕೂಡಿ ಮರವೇ ಕಪ್ಪಾಗುತ್ತದೆ. ಮೇಪಲ್ ಮರದಲ್ಲಿ ಒಗರು ಕಡಿಮೆ. ಅದಕ್ಕೆ ಮೊದಲು ಗಟ್ಟಿ ಟೀ ಡಿಕಾಕ್ಷನ್ ಬಳಿಯುತ್ತಾರೆ.

ಇದು ಮೋಸವೇ? ‘ಇದು ಓಕ್, ನಾನೇ ಕಪ್ಪು ಮಾಡಿದ್ದು’ ಎಂದು ಹೇಳಿ ಮಾರಿದರೆ ಅದು ಕೈಕಸುಬು. ‘ಎಬೊನಿ’ ಎಂದರೆ ನಾಲ್ಕನೆಯ ಶೀಲ ಮುರಿಯಿತು. ‘ಅವರು ಕೇಳಲಿಲ್ಲ, ನಾನು ಹೇಳಲಿಲ್ಲ’ ಎಂದು ಎಬೊನಿಯ ಬೆಲೆ ಪಡೆದರೆ? ಆ ಮೌನವೂ ಸುಳ್ಳೇ.

ಹಾಗಾದರೆ ಬಾಡಿಗೆ ಮನೆ ಕೇಳಲು ಹೋದಾಗ ಜಾತಿ ಹೇಳದೆ ಸುಮ್ಮನಿದ್ದವರದೂ ಸುಳ್ಳೇ? ನನ್ನ ಮಟ್ಟಿಗೆ ಅಲ್ಲ. ಮರದ ಬೆಲೆ ಅದರ ಜಾತಿಯ ಮೇಲೆ ನಿಂತಿದೆ, ಕೊಳ್ಳುವವರಿಗೆ ಅದನ್ನು ತಿಳಿಯುವ ಹಕ್ಕಿದೆ. ಮನುಷ್ಯನ ಬೆಲೆ ಹುಟ್ಟಿನ ಮೇಲೆ ನಿಂತಿಲ್ಲ, ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ.

ಸುಮ್ಮನಿರುವಾಗ ನಮ್ಮನ್ನೇ ಕೇಳಿಕೊಳ್ಳೋಣ: ಈ ಮೌನದಿಂದ ಇನ್ನೊಬ್ಬರದನ್ನು ಕಸಿಯುತ್ತಿದ್ದೇನೆಯೇ, ನನ್ನದನ್ನು ಉಳಿಸಿಕೊಳ್ಳುತ್ತಿದ್ದೇನೆಯೇ?