ಬಾಡಿಗೆಯ ಹೆಚ್ಚಳವೂ ಮುನ್ಸೂಚನೆಯ ಧರ್ಮವೂ

ಮನೆಯೊಡೆಯನು ಬಾಡಿಗೆಯನ್ನು ಹೆಚ್ಚಿಸುವುದು ಅಧರ್ಮವೇ? ಅಲ್ಲವೆಂದೇ ನಾವು ಭಾವಿಸುತ್ತೇವೆ. ಹಂಚು, ಸುಣ್ಣ, ಕೂಲಿ ಎಲ್ಲವೂ ಏರುವಾಗ ಬಾಡಿಗೆಯೊಂದೇ ನಿಂತಲ್ಲಿ ನಿಲ್ಲಬೇಕೆನ್ನುವುದು ನ್ಯಾಯವಲ್ಲ. ಆದರೆ ಎಷ್ಟು ಏರಿಸಬೇಕು, ಎಷ್ಟು ಮುಂಚೆ ತಿಳಿಸಬೇಕು ಎಂಬ ಎರಡು ಪ್ರಶ್ನೆಗಳು ಉಳಿಯುತ್ತವೆ.

ನಮ್ಮ ಸಾಂಗೆಯ ಸೀಮೆಯಲ್ಲಿ ಇದು ಬರಿಯ ತರ್ಕವಲ್ಲ. ಇಲ್ಲಿಯ ಬಾಳು ಕಬ್ಬಿಣದ ಅದಿರನ್ನು ಬಹುವಾಗಿ ನಂಬಿತ್ತು. 2012ರಲ್ಲಿ ಗಣಿಗಳು ನಿಂತಾಗ ಕೂಲಿಕಾರನ ಸಂಬಳವೂ ನಿಂತಿತು. ಲಾರಿಗೆ ಸಾಲ ಮಾಡಿದ್ದ ಮನೆಯೊಡೆಯನ ಕಂತು ಮಾತ್ರ ನಿಲ್ಲಲಿಲ್ಲ. ಇಬ್ಬರ ಕಷ್ಟವೂ ನಿಜವೇ.

ಹಿಂದೊಮ್ಮೆ ನಮ್ಮ ತರಗತಿಯ ಬಾಲಕನೊಬ್ಬನು ಶಾಲಾವರ್ಷದ ನಡುವೆಯೇ ಬರುವುದನ್ನು ನಿಲ್ಲಿಸಿದನು. ವಿಚಾರಿಸಲಾಗಿ, ತಿಂಗಳ ಕೊನೆಯ ದಿನ ಮನೆಯೊಡೆಯರು "ನಾಳೆಯಿಂದ ಐನೂರು ಹೆಚ್ಚು" ಎಂದರಂತೆ. ಸಂಬಳಕ್ಕೆ ಇನ್ನೂ ಹತ್ತು ದಿನವಿತ್ತು. ಮಾತಿಗೆ ಮಾತು ಬೆಳೆದು ಮನೆಮಂದಿ ಊರನ್ನೇ ಬಿಟ್ಟರು. ಐನೂರು ರೂಪಾಯಿ ಅನ್ಯಾಯವಾಗಿರಲಿಲ್ಲ. "ನಾಳೆಯಿಂದ" ಎಂಬ ಮಾತು ಅನ್ಯಾಯವಾಗಿತ್ತು.

ಗೋವೆಗೆ 1968ರ ಬಾಡಿಗೆ ನಿಯಂತ್ರಣ ಕಾಯಿದೆಯುಂಟು. ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಕಾಯಿದೆಯಾದರೋ, ಬಾಡಿಗೆ ಏರುವ ಮೂರು ತಿಂಗಳ ಮೊದಲೇ ಬರೆದು ತಿಳಿಸಬೇಕೆನ್ನುತ್ತದೆ. ಅದು ಮಾದರಿಯೇ ಹೊರತು ತಾನಾಗಿ ಎಲ್ಲೆಡೆ ಜಾರಿಯಾಗುವ ಕಟ್ಟಳೆಯಲ್ಲ. ಆದರೂ ಅದರ ತಿರುಳು ಗ್ರಾಹ್ಯವಾದುದು. ಮೂರು ತಿಂಗಳೆಂದರೆ ಲೆಕ್ಕ ಹಾಕಲು, ಬೇರೆ ಬಿಡಾರ ಹುಡುಕಲು, ಮಗುವಿನ ಪರೀಕ್ಷೆ ಮುಗಿಯಲು ದೊರೆಯುವ ವ್ಯವಧಾನ. ಎಷ್ಟು ಏರಿಕೆಯೆಂಬುದನ್ನು ಕರಾರಿನಲ್ಲಿ ಮೊದಲೇ ಬರೆದಿಟ್ಟರೆ ಜಗಳಕ್ಕೆ ಎಡೆಯೇ ಇಲ್ಲ. ಬಾಡಿಗೆದಾರನೂ ಮನೆ ಬಿಡುವ ಮುನ್ನ ಇದೇ ಸೌಜನ್ಯವನ್ನು ತೋರಬೇಕು.

ಗೋಡೆಗಳು ಒಡೆಯನವು, ಅವುಗಳೊಳಗಿನ ಬಾಳು ಅವನದಲ್ಲ. ಇದನ್ನು ನೆನೆದವನು ಬಾಡಿಗೆಯನ್ನು ಏರಿಸಿಯೂ ನ್ಯಾಯವಂತನಾಗಿ ಉಳಿಯಬಲ್ಲನು.