ಎಕ್ಸ್‌ಗೆ ಉತ್ತರವಿದೆ, ನಾಣ್ಯಕ್ಕೆ?

ಪರೀಕ್ಷೆ ಹತ್ತಿರ ಬಂತೆಂದರೆ ಏಳು–ಎಂಟನೇ ತರಗತಿಯ ಗಣಿತ ಮೇಷ್ಟರು ಕರಿಹಲಗೆಯ ಮೇಲೆ ಇಂಥ ಎರಡು ಲೆಕ್ಕ ಬರೆದೇ ಬರೆಯುತ್ತಾರೆ. ಒಂದು: 2ಎಕ್ಸ್ + 3 = 11, ಎಕ್ಸ್ ಎಷ್ಟು? ಇನ್ನೊಂದು: ನಾಣ್ಯ ಚಿಮ್ಮಿದರೆ ಹೆಡ್ ಬೀಳುವ ಸಂಭವನೀಯತೆ ಎಷ್ಟು? ಮೊದಲನೆಯದಕ್ಕೆ 4, ಎರಡನೆಯದಕ್ಕೆ 1/2. ಎರಡಕ್ಕೂ ಪೂರ್ತಿ ಅಂಕ. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸರ್, ಎಕ್ಸ್ ಎಷ್ಟು ಅಂತ ಹೇಳಿದ್ರಿ, ನಾಣ್ಯ ಯಾವ ಕಡೆ ಬೀಳುತ್ತೆ ಅಂತ ಹೇಳಲೇ ಇಲ್ವಲ್ಲ?’ ಎಂದು ಕೇಳಿದರೆ ಮೇಷ್ಟರು ಸುಲಭಕ್ಕೆ ಪಾರಾಗುವಂತಿಲ್ಲ.

ಎಕ್ಸ್ ನಮಗೆ ಗೊತ್ತಿಲ್ಲ, ನಿಜ. ಆದರೆ ಹನ್ನೊಂದರಲ್ಲಿ ಮೂರು ಕಳೆದು ಎರಡರಿಂದ ಭಾಗಿಸುವ ಮೊದಲೂ ಅದು ನಾಲ್ಕೇ. ಕೊರತೆ ಇರುವುದು ನಮ್ಮ ತಿಳಿವಳಿಕೆಯಲ್ಲಿ. ನಾಣ್ಯದ ಮಾತೇನು? ಕೈಬಿಟ್ಟ ಕ್ಷಣದಲ್ಲೇ ಅದರ ಹಣೆಬರಹ ತೀರ್ಮಾನವಾಗಿ, ನಮಗೆ ಕಾಣದೆ ಉಳಿದಿದೆಯೇ? ಅಥವಾ ಲೋಕದಲ್ಲೇ ಇನ್ನೂ ತೀರ್ಮಾನವಾಗದ ಸಂಗತಿಗಳಿವೆಯೇ? ವಿಧಿ, ಕರ್ಮ, ದೈವೇಚ್ಛೆಗಳ ಚರ್ಚೆ ಸುತ್ತುವುದೂ ಇದೇ ಪ್ರಶ್ನೆಯನ್ನು.

ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಮೊದಲ ಪಕ್ಷದವನು. ಜಗತ್ತಿನ ಎಲ್ಲ ಬಲಗಳನ್ನೂ ಎಲ್ಲ ವಸ್ತುಗಳ ಸ್ಥಿತಿಯನ್ನೂ ಒಂದೇ ಕ್ಷಣದಲ್ಲಿ ಅರಿಯಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಭವಿಷ್ಯವೂ ಭೂತಕಾಲದಷ್ಟೇ ಸ್ಪಷ್ಟ ಎಂದು 1814ರ ತನ್ನ ತಾತ್ವಿಕ ಪ್ರಬಂಧದಲ್ಲಿ ವಾದಿಸಿದ. ಅವನ ಲೆಕ್ಕದಲ್ಲಿ ನಾಣ್ಯವೂ ಒಂದು ಎಕ್ಸ್. ಇಪ್ಪತ್ತನೇ ಶತಮಾನದ ಕ್ವಾಂಟಮ್ ವಿಜ್ಞಾನ ಈ ನಂಬಿಕೆಯನ್ನು ಅಲುಗಾಡಿಸಿತು. ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಕತೆಗಳಿಗೂ ಇದು ಹೊಸದಲ್ಲ. ಜೂಜಿನಲ್ಲಿ ಎಲ್ಲವನ್ನೂ ಸೋತು ಕಾಡು ಸೇರಿದ ಧರ್ಮರಾಯನಿಗೆ ಬೃಹದಶ್ವ ಮುನಿ ನಳನ ಕತೆ ಹೇಳುವುದು ಮಹಾಭಾರತದ ವನಪರ್ವದಲ್ಲಿ. ಕನ್ನಡಿಗರಿಗೆ ಅದು ಕನಕದಾಸರ ‘ನಳಚರಿತ್ರೆ’ಯಿಂದಲೂ ಪರಿಚಿತ. ಬಾಹುಕನೆಂಬ ಹೆಸರಿನಲ್ಲಿ ನಳ ರಥ ಓಡಿಸುತ್ತಿರುವಾಗ ಋತುಪರ್ಣ ರಾಜ ದಾರಿಯಲ್ಲೊಂದು ತಾರೆ ಮರ ಕಂಡು, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2,095 ಕಾಯಿ ಇವೆ ಎನ್ನುತ್ತಾನೆ. ನಳ ನಂಬುವುದಿಲ್ಲ. ರಥ ನಿಲ್ಲಿಸಿ, ಮರ ಕಡಿದು, ಕಾಯಿ ಎಣಿಸುತ್ತಾನೆ. ಲೆಕ್ಕ ಸರಿಹೋಗುತ್ತದೆ! ತಾನು ದಾಳದ ಮರ್ಮವನ್ನೂ ಬಲ್ಲೆ, ಎಣಿಕೆಯಲ್ಲೂ ನಿಪುಣ ಎನ್ನುವ ರಾಜ ಆ ಅಕ್ಷಹೃದಯವನ್ನು ನಳನಿಗೆ ಕೊಡುತ್ತಾನೆ. ವಿದ್ಯೆ ಕೈಗೆ ಬಂದದ್ದೇ ತಡ, ನಳನ ಮೈಹೊಕ್ಕು ಅವನನ್ನು ಜೂಜಿನಲ್ಲಿ ಸೋಲಿಸಿದ್ದ ಕಲಿಪುರುಷ ಅವನ ಮೈಬಿಟ್ಟು ಹೊರಬೀಳುತ್ತಾನೆ. ತ್ರಿಫಲೆಯಲ್ಲಿ ಬಳಸುವ ಈ ತಾರೆಕಾಯಿಯೇ ಆ ಕಾಲದ ದಾಳವೂ ಆಗಿತ್ತು. ಕಾಡಿದ್ದು ದೈವಬಲ, ಬಿಡುಗಡೆಗೆ ಬೇಕಾದದ್ದು ಲೆಕ್ಕದ ಅರಿವು.

ಆ ಲೆಕ್ಕದಲ್ಲಿ ಎಡವುವುದು ಎಷ್ಟು ಸುಲಭ ಎಂಬುದಕ್ಕೆ ತರಗತಿಯಲ್ಲೇ ಸಾಕ್ಷಿಯುಂಟು. ಎರಡು ನಾಣ್ಯ ಚಿಮ್ಮಿದರೆ ಏನೇನು ಬೀಳಬಹುದು ಎಂದು ಕೇಳಿ ನೋಡಿ. ಎರಡೂ ಹೆಡ್, ಎರಡೂ ಟೇಲ್, ಒಂದೊಂದು. ಮೂರೇ ಬಗೆ, ಆದ್ದರಿಂದ ಪ್ರತಿಯೊಂದೂ 1/3 ಎನ್ನುವ ಮಕ್ಕಳೇ ಹೆಚ್ಚು. ಒಂದು ರೂಪಾಯಿಯದ್ದೊಂದು, ಐದರದ್ದೊಂದು ನಾಣ್ಯ ಕೈಗಿಟ್ಟರೆ ತಪ್ಪು ತಾನಾಗಿ ಬಯಲಾಗುತ್ತದೆ: ರೂಪಾಯಿ ಹೆಡ್–ಐದು ಟೇಲ್ ಬೇರೆ, ರೂಪಾಯಿ ಟೇಲ್–ಐದು ಹೆಡ್ ಬೇರೆ. ಒಟ್ಟು ನಾಲ್ಕು. ಮಕ್ಕಳು ನಾಚಬೇಕಾಗಿಲ್ಲ. ಫ್ರೆಂಚ್ ವಿಶ್ವಕೋಶದ 1754ರ ಲೇಖನದಲ್ಲಿ ದಾಲಂಬೇರ್‌ನಂಥ ಪಂಡಿತನೂ ಮೂರೇ ಬಗೆ ಎಣಿಸಿ, ಎರಡು ಎಸೆತದಲ್ಲಿ ಒಂದಾದರೂ ಹೆಡ್ ಬೀಳುವ ಸಂಭವನೀಯತೆ 2/3 ಎಂದು ಬರೆದ. ಸರಿಯುತ್ತರ 3/4.

ಇನ್ನು ಹೂವಿನ ಪ್ರಸಾದ. ನಮ್ಮ ಎಷ್ಟೋ ಗುಡಿಗಳಲ್ಲಿ ದೇವರ ಬಲಗಡೆಯಿಂದ ಹೂ ಬಿದ್ದರೆ ಕೆಲಸ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. ಎರಡೇ ದಾರಿ ಇರುವುದರಿಂದ ಅರ್ಧಕ್ಕರ್ಧ ಎಂದು ವಿದ್ಯಾರ್ಥಿ ಬರೆದರೆ ಅಂಕ ಕೊಡುವಂತಿಲ್ಲ. ನಾಣ್ಯಕ್ಕೆ ಅರ್ಧ ಬಂದದ್ದು ಅದರ ಎರಡು ಮುಖಗಳ ಸಮತೆಯಿಂದ. ಅರ್ಚಕರು ಯಾವ ಕಡೆ ಎಷ್ಟು ಹೂ ಸಿಕ್ಕಿಸಿದ್ದಾರೆ, ಯಾವ ಎಸಳು ಒದ್ದೆಯಾಗಿದೆ ಎಂಬುದರ ಮೇಲೆ ಹೂವಿನ ಲೆಕ್ಕ ಬದಲಾಗುತ್ತದೆ. ಬಹಳ ದಿನ ಎಣಿಸಿಯೇ ಅನುಪಾತ ಹೇಳಬೇಕು. ಹೂ ಬೀಳಿಸಿದ್ದು ದೇವರೋ ಗಾಳಿಯೋ ಎಂಬ ವಿಷಯಕ್ಕೆ ಗಣಿತ ಬಾಯಿ ಹಾಕುವುದಿಲ್ಲ.

ಕರ್ಮದ ನಂಬಿಕೆಯೂ ನಾಣ್ಯದ ಲೆಕ್ಕಕ್ಕೆ ನುಸುಳುವುದುಂಟು. ಮೂರು ಸಲ ಟೇಲ್ ಬಿದ್ದರೆ ನಾಲ್ಕನೆಯದು ಹೆಡ್ ಆಗಲೇಬೇಕು ಎಂದು ಮಕ್ಕಳು ಪಟ್ಟು ಹಿಡಿಯುತ್ತಾರೆ. ಮೊದಲಿನಿಂದ ಕೇಳಿದರೆ ನಾಲ್ಕೂ ಟೇಲ್ ಬೀಳುವುದು 1/16. ಮೂರು ಬಿದ್ದಾದ ಮೇಲೆ ನಾಲ್ಕನೆಯದು ಮತ್ತೆ 1/2 ಮಾತ್ರ. ಮಾಡಿದ್ದುಣ್ಣೋ ಮಹರಾಯ ಎಂಬುದು ಮನುಷ್ಯರಿಗೆ ಹೇಳಿದ ಮಾತು, ನಾಣ್ಯಕ್ಕಲ್ಲ.

ಜೈನರ ಸ್ಯಾದ್ವಾದ ಇನ್ನೊಂದು ದಾರಿ ತೋರುತ್ತದೆ. ಇದೆ, ಇಲ್ಲ, ಹೇಳಲಾಗದು ಎಂಬ ಮೂರು ಮೂಲ ಹೇಳಿಕೆಗಳನ್ನು ಒಂಟಿಯಾಗಿ, ಜೋಡಿಯಾಗಿ, ಮೂರನ್ನೂ ಸೇರಿಸಿ ಎಣಿಸಿದರೆ 3 + 3 + 1, ಅಂದರೆ ಏಳು ಭಂಗಗಳು. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ 1950ರ ದಶಕದಲ್ಲಿ ಇದನ್ನು ಸಂಭವನೀಯತೆಯ ತಳಹದಿಯೊಂದಿಗೆ ಹೋಲಿಸಿದರು. ಹೋಲಿಕೆಗೆ ಮಿತಿಯಿದೆ: ಏಳು ಭಂಗಗಳು ನೋಟದ ಕೋನ ಹೇಳುತ್ತವೆಯೇ ಹೊರತು ಯಾವುದಕ್ಕೂ ಸಂಖ್ಯೆ ಕೊಡುವುದಿಲ್ಲ. ಆದರೆ ಎಣಿಸುವ ಕ್ರಮ ಒಂದೇ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇಂಥ ಆಯ್ಕೆಗಳಿಗೆ ಸಾಮಾನ್ಯ ಸೂತ್ರವನ್ನೇ ಕೊಟ್ಟ. ಅದರಂತೆ ಆರು ರುಚಿಗಳಿಂದ 63 ಮಿಶ್ರಣ ಬರುತ್ತವೆ.

ಹಾಗಾಗಿ ಪುನರಾವರ್ತನೆ ಮಾಡಿಸುವ ಮೇಷ್ಟರು, ಮನೆಯಲ್ಲಿ ಹೇಳಿಕೊಡುವ ಅಪ್ಪ–ಅಮ್ಮ ಸೂತ್ರ ಒಪ್ಪಿಸುವ ಮೊದಲು ಒಂದು ಪ್ರಶ್ನೆ ಹಾಕಲಿ: ಇಲ್ಲಿ ಗೊತ್ತಿಲ್ಲದ್ದು ಎಕ್ಸ್‌ನಂಥದೋ, ನಾಣ್ಯದಂಥದೋ? ವಿಧಿಯನ್ನು ನಂಬುವ ಮನೆಯ ಮಗುವಿಗೂ ನಂಬದ ಮನೆಯ ಮಗುವಿಗೂ ಉತ್ತರಪತ್ರಿಕೆಯಲ್ಲಿ 1/2 ಒಂದೇ. ನಂಬಿಕೆಯ ಚರ್ಚೆ ಬೇಕಿದ್ದರೆ ಆಮೇಲೆ ನಡೆಯಲಿ, ಮೊದಲು ಎಣಿಕೆ ತಪ್ಪದಿರಲಿ.