ಅಂಗಪರಿಹಾಸ

ಬಾಲಕರು ಕೂಡಿ ಮೀಯುವಲ್ಲಿ, ಆಟ ಮುಗಿದ ಮೇಲೆ ಕೂಡಿ ಉಡುಪು ಬದಲಿಸುವಲ್ಲಿ ಏಳುವ ನಗೆಯೊಂದುಂಟು. ಒಬ್ಬನ ಮೈಯಲ್ಲಿ ಉಳಿದವರಿಗಿಲ್ಲದ ಗುರುತು ಕಂಡರೆ ಸಾಕು. ಒಬ್ಬನು ಬೆರಳು ತೋರುವನು, ಇನ್ನೊಬ್ಬನು ಹೆಸರಿಡುವನು, ಮಿಕ್ಕವರು ನಗುವರು. ಆ ಗುರುತು ಗುಹ್ಯಾಂಗಕ್ಕೆ ಸೇರಿದ್ದಾದರಂತೂ ನೊಂದವನು ಮನೆಯಲ್ಲಿಯೂ ಬಾಯಿ ಬಿಡಲಾರನು. ಮರ್ಯಾದಸ್ಥರು ಎತ್ತಲು ಸಂಕೋಚಪಡುವ ಮಾತಿದು. ಆ ಸಂಕೋಚವೇ ನಗುವವರಿಗೆ ಆಶ್ರಯವಾಗಿದೆ. ಇದನ್ನು ಹುಡುಗಾಟವೆಂದು ಬಿಟ್ಟುಬಿಡಬಹುದೆ, ಅಥವಾ ಇದರಲ್ಲಿ ಧರ್ಮಾಧರ್ಮವಿಚಾರಕ್ಕೆ ಎಡೆಯುಂಟೆ?

ನಗೆಯು ಸಹಜವೆಂಬ ಪಕ್ಷಕ್ಕೆ ಶಾಸ್ತ್ರದ ಬೆಂಬಲ ಇಲ್ಲದಿಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತಮುನಿಯು ಹಾಸ್ಯದ ವಿಭಾವಗಳನ್ನು ಹೇಳುತ್ತ, ವಿಕೃತವೇಷದ ಜೊತೆಗೆ ಅಂಗವೈಕಲ್ಯದ ದರ್ಶನವನ್ನೂ ಸೇರಿಸಿದ್ದಾನೆ. ಹೀಗಿರುವಲ್ಲಿ ಹುಡುಗರು ನಕ್ಕರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ಆದರೆ ರಂಗದ ನಗೆಯೇ ಬೇರೆ. ಅಲ್ಲಿ ಕಾಣುವ ಕುಬ್ಜನು ಇಂಥ ಬೀದಿಯ ಇಂಥವರ ಮಗನಲ್ಲ. ತನ್ನದು, ಹಗೆಯದು, ಮೂರನೆಯವನದು ಎಂಬ ಗಡಿಗಳು ಕಳಚಿದಲ್ಲದೆ ರಸವು ಹುಟ್ಟದೆಂದು ಅಭಿನವಗುಪ್ತನ ಮತ. ಉಡುಪಿನ ಕೋಣೆಯ ನಗೆಗಾದರೋ ಆ ಒಬ್ಬ ಹುಡುಗನೇ ಬೇಕು. ಅವನು ಕೇಳಲೆಂದೇ ಮಾತು ಹೊರಡುತ್ತದೆ, ಅವನ ಮುಖ ಬಾಡಿದಷ್ಟೂ ನಗೆ ಏರುತ್ತದೆ. ಆದುದರಿಂದ ಅದು ಹಾಸ್ಯರಸವಲ್ಲ, ಹಿಂಸೆಯ ಒಂದು ರೂಪ. ಮುಗುಳುನಗೆಯಿಂದ ಅತಿಹಸಿತದವರೆಗೆ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ ಮುನಿಯು ಕೊನೆಯ ಎರಡನ್ನು ಅಧಮರಿಗೆ ಬಿಟ್ಟಿರುವುದನ್ನೂ ಮರೆಯಬಾರದು.

ಈ ನಗೆಯ ಬಲವೆಷ್ಟೆಂಬುದಕ್ಕೆ ಯೆಹೂದ್ಯರ ಚರಿತ್ರೆಯಲ್ಲಿ ನಿದರ್ಶನವಿದೆ. ಅವರಲ್ಲಿ ಗಂಡುಕೂಸಿಗೆ ಎಂಟನೆಯ ದಿನ ಸುನ್ನತಿ ಮಾಡುವುದು ವಿಧಿ. ಕ್ರಿ. ಪೂ. 175ರ ಸುಮಾರಿಗೆ ಯಾಸೋನನೆಂಬ ಮಹಾಯಾಜಕನು ಯೆರೂಸಲೇಮಿನಲ್ಲಿ ಗ್ರೀಕರ ಮಾದರಿಯ ವ್ಯಾಯಾಮಶಾಲೆಯೊಂದನ್ನು ಸ್ಥಾಪಿಸಿದನು. ಗ್ರೀಕರು ಬತ್ತಲೆಯಾಗಿ ಸಾಮು ಮಾಡುತ್ತಿದ್ದರು. ಆ ಶಾಲೆಗೆ ಅವರ ಭಾಷೆಯಲ್ಲಿದ್ದ ಹೆಸರೇ ಬತ್ತಲೆಯೆಂಬ ಶಬ್ದದಿಂದ ಬಂದದ್ದು. ಅವರ ಕಣ್ಣಿಗೆ ಸುನ್ನತಿಯಾದ ಮೈ ಅಸಹ್ಯವೂ ನಗೆಪಾಟಲೂ ಆಗಿತ್ತು. ಪಿತೃಗಳ ಗುರುತನ್ನು ಕೆಲವು ಯೆಹೂದ್ಯರು ಅಳಿಸಿಕೊಂಡರೆಂದು ಮಕ್ಕಬಿಯರ ಮೊದಲನೆಯ ಗ್ರಂಥವು ಹೇಳುತ್ತದೆ. ಬತ್ತಲೆಯಿದ್ದಾಗಲೂ ಗ್ರೀಕರಂತೆ ಕಾಣಲೆಂದೇ ಹೀಗೆ ಮಾಡಿದರೆಂದು ಚರಿತ್ರಕಾರ ಜೋಸೆಫಸನು ಕಾರಣವನ್ನು ಕೊಡುತ್ತಾನೆ. ಚರ್ಮವನ್ನು ಎಳೆದು ಮುಚ್ಚುವ ಶಸ್ತ್ರಚಿಕಿತ್ಸೆಯನ್ನು ಕ್ರಿ. ಶ. ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸನು ತನ್ನ ವೈದ್ಯಗ್ರಂಥದಲ್ಲಿ ವರ್ಣಿಸಿದ್ದಾನೆ. ಈಗಿನಂಥ ಅರಿವಳಿಕೆಯಿಲ್ಲದಿದ್ದ ಕಾಲವದು!

ಎರಡು ಸಾವಿರ ವರ್ಷಗಳ ತರುವಾಯ ಇದೇ ಕಥೆ ತಲೆಕೆಳಗಾಗಿ ನಡೆಯಿತು. ಇಪ್ಪತ್ತನೆಯ ಶತಮಾನದ ನಡುಗಾಲಕ್ಕೆ ಅಮೆರಿಕದಲ್ಲಿ ಮತವಿಧಿಯ ಸಂಬಂಧವಿಲ್ಲದೆ, ಶುಚಿ ಆರೋಗ್ಯಗಳ ಹೆಸರಿನಲ್ಲಿ, ಹೆಚ್ಚಿನ ಗಂಡುಕೂಸುಗಳಿಗೆ ಆಸ್ಪತ್ರೆಯಲ್ಲಿಯೇ ಸುನ್ನತಿಯಾಗುತ್ತಿತ್ತು. ಆಗ ಪಾಠಶಾಲೆಯ ಸ್ನಾನದ ಮನೆಯಲ್ಲಿ ನಗೆಗೆ ಗುರಿಯಾದವನು ಸುನ್ನತಿಯಿಲ್ಲದ ಹುಡುಗ. 1971ರಲ್ಲಿ ಆ ದೇಶದ ಮಕ್ಕಳ ವೈದ್ಯರ ಪರಿಷತ್ತು, ನವಜಾತರಿಗೆಲ್ಲ ಇದನ್ನು ಮಾಡಲು ಸಪ್ರಮಾಣವಾದ ವೈದ್ಯಕೀಯ ಕಾರಣವಿಲ್ಲವೆಂದು ಹೇಳಿತು. ಆ ಬಳಿಕವೂ ಎಷ್ಟೋ ತಂದೆತಾಯಿಗಳು ಹೇಳುತ್ತಿದ್ದ ಸಮಾಧಾನವೆಂದರೆ, ನಾಳೆ ಓರಗೆಯವರ ನಡುವೆ ತಮ್ಮ ಮಗ ಬೇರೆಯಾಗಿ ಕಾಣಬಾರದೆಂಬುದು.

ಒಂದೆಡೆ ಇದ್ದ ಗುರುತನ್ನು ಅಳಿಸಲು ಕತ್ತಿ, ಇನ್ನೊಂದೆಡೆ ಇಲ್ಲದ ಗುರುತನ್ನು ಮಾಡಲು ಕತ್ತಿ. ಎರಡರ ಹಿಂದೆಯೂ ನಿಂತದ್ದು ಒಂದೇ ಭಯ. ಅವಯವದಲ್ಲಿಯೇ ನಗೆಗೆ ಕಾರಣವಿದ್ದಿದ್ದರೆ ಯೆರೂಸಲೇಮಿನಲ್ಲಿ ನಕ್ಕದ್ದಕ್ಕೆ ಅಮೆರಿಕದಲ್ಲಿಯೂ ನಗಬೇಕಾಗಿತ್ತು. ಹಾಗಾಗಲಿಲ್ಲ. ನಗುವವರು ನೋಡುತ್ತಿದ್ದುದು ಮೈಯನ್ನಲ್ಲ, ತಲೆಗಳ ಎಣಿಕೆಯನ್ನು. ಹತ್ತು ಜನ ಒಂದು ಬಗೆ, ಒಬ್ಬನು ಒಂದು ಬಗೆ ಎಂಬಷ್ಟೇ ಅದರ ತರ್ಕ. ಹಾಗಿದ್ದ ಮೇಲೆ ತಾನಾಗಿ ಹೆಸರಿಡದೆ ಸುಮ್ಮನೆ ನಕ್ಕ ಹುಡುಗನೂ ನಿರಪರಾಧಿಯಲ್ಲ. ಎಣಿಕೆಯನ್ನು ತುಂಬಿಕೊಟ್ಟವನು ಅವನೇ.

ಅಂಗಹೀನರನ್ನೂ ಅಧಿಕಾಂಗರನ್ನೂ ರೂಪವಿಲ್ಲದವರನ್ನೂ ಹಳಿಯಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ನಿಷೇಧಿಸುತ್ತದೆ. ಅದೇ ಗ್ರಂಥದ ಮೂರನೆಯ ಅಧ್ಯಾಯವು ಅಂಥವರಲ್ಲಿ ಹಲವರನ್ನು ಶ್ರಾದ್ಧದ ಪಂಕ್ತಿಯಿಂದ ಏಳಿಸಿರುವುದನ್ನು ನೆನೆದರೆ, ಹಿರಿಯರ ಪಂಕ್ತಿಯನ್ನು ನೋಡಿಯೇ ಕಿರಿಯರು ಕಲಿತರೋ ಎನಿಸದಿರದು.

ಅಷ್ಟಾವಕ್ರನನ್ನು ಕಂಡು ಜನಕನ ಸಭೆಯು ನಕ್ಕಿತೆಂಬುದು ಜನಪ್ರಿಯವಾದ ಕಥೆ. ವನಪರ್ವದಲ್ಲಿ ಆ ನಗೆಯ ಪ್ರಸಂಗವಿಲ್ಲ. ಅಲ್ಲಿ ಹನ್ನೆರಡು ವರ್ಷದ ಬಾಲಕನನ್ನು ಅಳಿಸಿದವನು ಓರಗೆಯ ಸೋದರಮಾವ ಶ್ವೇತಕೇತು. ಉದ್ದಾಲಕನ ತೊಡೆಯಿಂದ ಅವನನ್ನು ಎಳೆದು, ಇದು ನಿನ್ನ ತಂದೆಯ ತೊಡೆಯಲ್ಲವೆಂದನು. ಎಂಟು ಡೊಂಕುಗಳಿದ್ದ ಹುಡುಗನಿಗೆ ನಾಟಿದ್ದು ಡೊಂಕಿನ ಮಾತಲ್ಲ, ನೀನು ಇಲ್ಲಿಯವನಲ್ಲ ಎಂಬ ಮಾತು. ಕೋಣೆಯ ನಗೆಯು ಹೇಳುವುದೂ ಅದನ್ನೇ.

ಕನ್ನಡನಾಡಿನ ಗರಡಿಯಲ್ಲಿ ಲಂಗೋಟಿಯಿದೆ. ಗ್ರೀಕರ ಬತ್ತಲೆ ಇಲ್ಲಿ ಇಲ್ಲ. ಮುಂಜಿಯೆಂಬ ಮಾತನ್ನು ಇಲ್ಲಿನ ಜನ ವಟುವಿನ ಉಪನಯನಕ್ಕೂ ಮುಸಲ್ಮಾನರ ಸುನ್ನತಿಗೂ ಸಮನಾಗಿ ಬಳಸಿದ್ದಾರೆ. ಮೌಂಜಿಯ ಹುಲ್ಲಿನಿಂದ ಹುಟ್ಟಿದ ಶಬ್ದವು ನೆರೆಮನೆಯ ಹಬ್ಬಕ್ಕೂ ಒದಗಿತು. ಭಾಷೆಗಿದ್ದ ಈ ಔದಾರ್ಯ ವಿದ್ಯಾರ್ಥಿನಿಲಯದ ಸ್ನಾನಗೃಹದಲ್ಲಿ ಇರುವುದೆಂದು ಹೇಳುವಂತಿಲ್ಲ. ಬೇನೆಗಾಗಿ ವೈದ್ಯರಿಂದ ಚರ್ಮ ತೆಗೆಸಿಕೊಂಡ ಹಿಂದೂ ಹುಡುಗನನ್ನು ಗೆಳೆಯರು ಅನ್ಯಮತದ ಹೆಸರಿನಿಂದ ಕರೆದರೆ, ಅಲ್ಲಿ ಇಬ್ಬರಿಗೆ ಅವಮಾನವಾಗುತ್ತದೆ: ಎದುರಿಗಿರುವವನಿಗೂ, ಯಾರ ಹೆಸರು ಬೈಗುಳವಾಯಿತೋ ಆ ನೆರೆಯವನಿಗೂ. 1947ರ ವಿಭಜನೆಯ ಗಲಭೆಗಳಲ್ಲಿ ಗಂಡಸರ ಉಡುಪು ಬಿಚ್ಚಿಸಿ, ಇದೇ ಗುರುತನ್ನು ನೋಡಿ, ಕೊಲ್ಲುವುದೋ ಬಿಡುವುದೋ ಎಂದು ತೀರ್ಮಾನಿಸಿದ್ದುಂಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ನಿಜ. ಆದರೆ ಬೆರಳು ತೋರುವ ಅಭ್ಯಾಸ ಮೊದಲಾಗುವುದು ಎಳವೆಯಲ್ಲಿಯೇ.

ಸ್ನಾನದ ಕೋಣೆಗಳಿಗೆ ಒಂದೊಂದು ಬಾಗಿಲು ಹಾಕಿಸುವುದು ನಿಲಯದವರಿಂದ ಆಗಬೇಕಾದ ಕೆಲಸ. ಅದಕ್ಕೆ ಹೆಚ್ಚು ಹಣ ಹಿಡಿಯದು. ಮನೆಯಲ್ಲಿ ಆಗಬೇಕಾದುದು ಇನ್ನೂ ಕಷ್ಟದ್ದು. ಮನುಷ್ಯರ ಮೈ ಒಂದೇ ಬಗೆಯಲ್ಲ, ಇಂಥ ಮತದವರು ಇಂಥ ಸಂಸ್ಕಾರ ಮಾಡುವರು, ಕೆಲವರಿಗೆ ವೈದ್ಯರು ಮಾಡುವರು ಎಂದು ತಂದೆಯು ಮಗನಿಗೆ ಹತ್ತು ವರ್ಷ ತುಂಬುವುದರೊಳಗೆ, ಊರು ಕೇರಿಗಳ ಸಂಗತಿ ಹೇಳುವ ದನಿಯಲ್ಲಿಯೇ ಹೇಳಿದ್ದರೆ, ಕೋಣೆಯಲ್ಲಿ ಬೆರಳು ತೋರುವವನ ಬಳಿ ತೋರಲು ಹೊಸ ಸುದ್ದಿಯೇ ಉಳಿದಿರುವುದಿಲ್ಲ.